ರಿಯಾದ್ ಎಕ್ಸ್‌ಪೋಗೆ ಭಾರತದ ಪೆವಿಲಿಯನ್: ತಡವಾಗುವುದು ಕಟ್ಟುವಾಗಲ್ಲ, ತೀರ್ಮಾನಿಸುವಾಗ

2025ರ ಏಪ್ರಿಲ್ 13ರಂದು ಒಸಾಕಾದ ಯುಮೆಶಿಮಾ ದ್ವೀಪದಲ್ಲಿ ವಿಶ್ವ ಎಕ್ಸ್‌ಪೋ ಆರಂಭವಾದಾಗ ಭಾರತದ ಪೆವಿಲಿಯನ್ನಿನ, ಅಂದರೆ ನಮ್ಮ ದೇಶದ ಪ್ರದರ್ಶನ ಕಟ್ಟಡದ, ಬಾಗಿಲು ಇನ್ನೂ ಮುಚ್ಚಿತ್ತು. ಅದು ಜನರಿಗೆ ತೆರೆದದ್ದು ಮೇ 1ಕ್ಕೆ. 184 ದಿನಗಳ ಮೇಳದಲ್ಲಿ ಮೊದಲ 18 ದಿನ ಕೈತಪ್ಪಿ ಹೋದವು. ಮೊದಲ ದಿನ ತೆರೆಯಲಾಗದ ದೇಶಗಳು ಇನ್ನೂ ಕೆಲವಿದ್ದವು, ನಿಜ. ಜಪಾನಿನಲ್ಲಿ ಕಟ್ಟಡ ಸಾಮಗ್ರಿಯ ಬೆಲೆ ಏರಿತ್ತು, ಕೆಲಸಗಾರರು ಸಿಗುತ್ತಿರಲಿಲ್ಲ, ಸಮುದ್ರ ತುಂಬಿಸಿ ಮಾಡಿದ ಆ ನೆಲದ ಮೇಲೆ ಕಟ್ಟುವುದು ಸುಲಭವೂ ಆಗಿರಲಿಲ್ಲ. ಆದರೆ ಈ ಕಷ್ಟಗಳು ಎಲ್ಲ ದೇಶಗಳಿಗೂ ಒಂದೇ ಆಗಿದ್ದವು. ಬಹುಪಾಲು ದೇಶಗಳು ಹೇಳಿದ ದಿನಕ್ಕೆ ಬಾಗಿಲು ತೆರೆದವು.

ಮುಂದಿನ ವಿಶ್ವ ಎಕ್ಸ್‌ಪೋ ರಿಯಾದ್‌ನಲ್ಲಿ. 2030ರ ಅಕ್ಟೋಬರ್ 1ರಿಂದ 2031ರ ಮಾರ್ಚ್ 31ರವರೆಗೆ. ಅದಕ್ಕೂ ಮೊದಲು 2027ರಲ್ಲಿ ಎರಡು ಮೇಳಗಳಿವೆ: ಯೊಕೊಹಾಮಾದಲ್ಲಿ ತೋಟಗಾರಿಕೆಯ ಎಕ್ಸ್‌ಪೋ, ಬೆಲ್‌ಗ್ರೇಡ್‌ನಲ್ಲಿ ಆಟ ಮತ್ತು ಸಂಗೀತದ ವಿಶೇಷ ಎಕ್ಸ್‌ಪೋ. ದೆಹಲಿಯ ಕಡತಗಳಲ್ಲಿ ಓಡಾಡುವ ಈ ವಿಷಯವನ್ನು ಬೆಂಗಳೂರಿನಲ್ಲಿ ಕೂತು ಮಾತನಾಡಲು ಕಾರಣವಿದೆ. ಇಂಥ ಕಟ್ಟಡಕ್ಕೆ ಬೇಕಾದ ಬಿದಿರು ಪರೀಕ್ಷಿಸುವವರು, ಪ್ರದರ್ಶನ ವಿನ್ಯಾಸ ಮಾಡುವವರು, ಉಪಗ್ರಹ ಮಾಡುವವರು, ಮರ ಕಡೆಯುವವರು ಎಲ್ಲರೂ ಈ ಊರಿನಲ್ಲಿ ಮತ್ತು ಇದರ ಆಸುಪಾಸಿನಲ್ಲಿ ಇದ್ದಾರೆ. ಇವರನ್ನು ಕೇಳುವ ಹೊತ್ತಿಗೆ ಕೇಳಬೇಕಾದದ್ದೆಲ್ಲ ತೀರ್ಮಾನವಾಗಿರುತ್ತದೆ ಎನ್ನುವುದು ನನ್ನ ತಕರಾರು. ಪೆವಿಲಿಯನ್ ಚೆನ್ನಾಗಿ ಆಗುತ್ತದೋ ಇಲ್ಲವೋ ಎನ್ನುವುದು ವಾಸ್ತುಶಿಲ್ಪಿ ಮೊದಲ ಗೆರೆ ಎಳೆಯುವ ಮೊದಲೇ, ಏನು ಬೇಕೆಂದು ಹೇಳಿ ಅವರ ಕೈಗೆ ಕೊಡುವ ಎರಡು ಪುಟದ ಬ್ರೀಫ್‌ನಲ್ಲಿ ನಿರ್ಧಾರವಾಗಿಬಿಡುತ್ತದೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ವಿಶ್ವ ಎಕ್ಸ್‌ಪೋಗಳಿಗೆ ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರದರ್ಶನ ಬ್ಯೂರೊ ಒಪ್ಪಿಗೆ ಕೊಡುತ್ತದೆ. ಅದರ ಬುಡದಲ್ಲಿರುವುದು 1928ರ ಒಪ್ಪಂದ. ದೊಡ್ಡ ಎಕ್ಸ್‌ಪೋ ಐದು ವರ್ಷಕ್ಕೊಮ್ಮೆ, ಆರು ತಿಂಗಳವರೆಗೆ ನಡೆಯುತ್ತದೆ. ನಡುವೆ ಮೂರು ತಿಂಗಳ ವಿಶೇಷ ಎಕ್ಸ್‌ಪೋ ಇರುತ್ತದೆ. ಭಾಗವಹಿಸುವ ದೇಶ ತನ್ನನ್ನು ಪ್ರತಿನಿಧಿಸಲು ಒಬ್ಬ ಕಮಿಷನರ್ ಜನರಲ್ ಅನ್ನು ನೇಮಿಸಬೇಕು. ದೊಡ್ಡ ಎಕ್ಸ್‌ಪೋದಲ್ಲಿ ಜಾಗ ಸಿಗುವ ದಾರಿಗಳು ಮುಖ್ಯವಾಗಿ ಮೂರು: ಖಾಲಿ ನಿವೇಶನ ಪಡೆದು ನಾವೇ ಕಟ್ಟುವುದು, ಆಯೋಜಕರು ಕಟ್ಟಿಕೊಟ್ಟ ಕಟ್ಟಡವನ್ನು ಪೂರ್ತಿಯಾಗಿ ಪಡೆಯುವುದು, ಇಲ್ಲವೇ ಹಲವು ದೇಶಗಳು ಒಂದೇ ಕಟ್ಟಡವನ್ನು ಹಂಚಿಕೊಳ್ಳುವುದು. ವಿಶೇಷ ಎಕ್ಸ್‌ಪೋದಲ್ಲಿ ಆಯೋಜಕರೇ ಕಟ್ಟಡ ಕೊಡುತ್ತಾರೆ, ಒಳಗಿನ ವಿನ್ಯಾಸ ಮಾತ್ರ ನಮ್ಮದು. ಈ ಆಯ್ಕೆ ಮೊದಲು ಆಗಬೇಕು, ಏಕೆಂದರೆ ಹಣ, ಸಮಯ, ತಂಡ ಎಲ್ಲವೂ ಅದರ ಮೇಲೆ ನಿಂತಿವೆ.

ಬ್ರೀಫ್ ವಿಷಯಕ್ಕೆ ಬರೋಣ. 2010ರ ಶಾಂಘೈ ಎಕ್ಸ್‌ಪೋಗೆ ಸುಮಾರು 7.3 ಕೋಟಿ ಜನ ಬಂದರು. ಅಲ್ಲಿ ಬ್ರಿಟನ್ನಿನ ಪೆವಿಲಿಯನ್ನನ್ನು ಥಾಮಸ್ ಹೆದರ್‌ವಿಕ್ ಮಾಡಿದ್ದರು. ಸುಮಾರು 60,000 ಪಾರದರ್ಶಕ ಅಕ್ರಿಲಿಕ್ ಕಡ್ಡಿಗಳು ಒಂದು ಪೆಟ್ಟಿಗೆಯಂಥ ರಚನೆಯಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡಿದ್ದವು. ಪ್ರತಿ ಕಡ್ಡಿಯ ಒಳತುದಿಯಲ್ಲಿ ಬೀಜಗಳಿದ್ದವು. ಕಡ್ಡಿಗಳು ಹಗಲಿನ ಬೆಳಕನ್ನು ಒಳಗೆ ತರುತ್ತಿದ್ದವು, ಗಾಳಿ ಬೀಸಿದರೆ ಇಡೀ ಕಟ್ಟಡ ಅಲ್ಲಾಡಿದಂತೆ ಕಾಣುತ್ತಿತ್ತು. ಒಳಗೆ ಬ್ರಿಟನ್ನಿನ ರಾಣಿಯೂ ಇಲ್ಲ, ಡಬಲ್ ಡೆಕ್ಕರ್ ಬಸ್ಸೂ ಇಲ್ಲ, ಷೇಕ್ಸ್‌ಪಿಯರ್‌ನ ಮುಖವೂ ಇಲ್ಲ. ಬೀಜ, ಬೆಳಕು, ಅಷ್ಟೇ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಬೀಜ ಬ್ಯಾಂಕಿನ ಕೆಲಸವನ್ನು ಜಗತ್ತಿಗೆ ತೋರಿಸಬೇಕು ಎಂಬ ಒಂದು ತೀರ್ಮಾನ, ಅದಕ್ಕೆ ತಕ್ಕ ಒಂದು ರೂಪ. ನೋಡಿದವರು ಇವತ್ತಿಗೂ ಅದನ್ನು ನೆನಪಿಸಿಕೊಳ್ಳುತ್ತಾರೆ.

ನಮ್ಮ ಬ್ರೀಫ್‌ಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಯೋಗ, ಆಯುರ್ವೇದ, ಬಾಹ್ಯಾಕಾಶ, ಸ್ಟಾರ್ಟ್‌ಅಪ್, ಸಿನಿಮಾ, ಪ್ರವಾಸೋದ್ಯಮ, ಜವಳಿ, ಕರಕುಶಲ, ಡಿಜಿಟಲ್ ಪಾವತಿ ಎಲ್ಲವೂ ಬೇಕು. ಪ್ರತಿ ಸಚಿವಾಲಯಕ್ಕೂ ಒಂದು ಗೋಡೆ, ಪ್ರತಿ ರಾಜ್ಯಕ್ಕೂ ಒಂದು ವಾರ. ದುಬೈ ಎಕ್ಸ್‌ಪೋದಲ್ಲಿ ಸಿ.ಪಿ. ಕುಕ್ರೇಜಾ ಸಂಸ್ಥೆ ವಿನ್ಯಾಸ ಮಾಡಿದ ನಮ್ಮ ನಾಲ್ಕು ಮಹಡಿಯ ಪೆವಿಲಿಯನ್ನಿನ ಹೊರಮೈಯಲ್ಲಿ ಬಣ್ಣದ 600 ತಿರುಗುವ ಫಲಕಗಳಿದ್ದವು. ಚಲಿಸುತ್ತಿರುವ ಭಾರತ ಎಂಬ ಕಲ್ಪನೆ ಅದರ ಹಿಂದಿತ್ತು. ಹೊರಗಿನಿಂದ ಅದು ನಿಜವಾಗಿಯೂ ಗಟ್ಟಿಯಾದ ಒಂದು ಮಾತು ಹೇಳುತ್ತಿತ್ತು. ಒಳಗೆ ಹೋದರೆ ವಿಷಯಗಳು ಮಹಡಿಯಿಂದ ಮಹಡಿಗೆ ಹಂಚಿಹೋಗಿದ್ದವು. ಕಟ್ಟಡದ ಕಲ್ಪನೆಯೂ ಒಳಗಿನ ಪ್ರದರ್ಶನವೂ ಬೇರೆ ಬೇರೆ ಕೈಗಳಲ್ಲಿ ಬೆಳೆದರೆ ಯಾವ ವಾಸ್ತುಶಿಲ್ಪಿಗೂ ಇದನ್ನು ತಡೆಯಲು ಆಗುವುದಿಲ್ಲ.

ಒಂದನ್ನೇ ಆರಿಸುವುದು ನಮಗೆ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಗಣರಾಜ್ಯೋತ್ಸವದ ಸ್ತಬ್ಧಚಿತ್ರಗಳನ್ನೇ ನೋಡಿ. 2025ರಲ್ಲಿ ಕರ್ನಾಟಕ ಲಕ್ಕುಂಡಿಯ ಶಿಲ್ಪಕಲೆಯನ್ನು ಕೊಂಡೊಯ್ದಿತು. 2023ರಲ್ಲಿ ಸಾಲುಮರದ ತಿಮ್ಮಕ್ಕ, ತುಳಸಿ ಗೌಡ, ಸೂಲಗಿತ್ತಿ ನರಸಮ್ಮ ಈ ಮೂವರ ಬದುಕನ್ನೇ ವಿಷಯವಾಗಿಸಿತ್ತು. ಗದಗ ಜಿಲ್ಲೆಯ ಒಂದು ಹಳ್ಳಿ ಇಡೀ ರಾಜ್ಯದ ಪರವಾಗಿ ಕರ್ತವ್ಯಪಥದಲ್ಲಿ ಸಾಗಿದಾಗ ಮೈಸೂರು ಅರಮನೆ ಯಾಕಿಲ್ಲ, ಜೋಗ ಯಾಕಿಲ್ಲ ಎಂದು ಯಾರೂ ಜಗಳ ತೆಗೆಯಲಿಲ್ಲ. ರೇಖಾಚಿತ್ರದಿಂದ ಮಾದರಿಯವರೆಗೆ ಹಲವು ಸುತ್ತು ಕಲಾವಿದರ ಸಮಿತಿ ನೋಡಿ, ತಿದ್ದಿಸಿ, ಒಪ್ಪುತ್ತದೆ. ಆ ಆಯ್ಕೆಯ ಬಗ್ಗೆ ಬೇಕಾದಷ್ಟು ವಿವಾದಗಳು ಆಗಿವೆ, ಆದರೂ ಒಂದೇ ವಿಷಯ ಎಂಬ ಶಿಸ್ತು ಅಲ್ಲಿ ಉಳಿದುಕೊಂಡಿದೆ. ಎಕ್ಸ್‌ಪೋಗೆ ಹೋಗುವಾಗ ಆ ಶಿಸ್ತು ಎಲ್ಲಿ ಕಳೆದುಹೋಗುತ್ತದೆ? ಹಣ ಕೊಡುವ ಇಲಾಖೆಗಳು ಹಲವು, ಕೊನೆಯ ಮಾತು ಹೇಳುವವರು ಯಾರೂ ಇಲ್ಲ. ಅಲ್ಲೇ.

ಇನ್ನೊಂದು ಪ್ರಶ್ನೆಯನ್ನೂ ಬ್ರೀಫ್ ಕೇಳುವುದೇ ಇಲ್ಲ: ನೋಡಲು ಬರುವವರು ಯಾರು? ಒಸಾಕಾಕ್ಕೆ ಬಂದ 2.5 ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಜಪಾನಿಯರು. ಅವರಿಗೆ ಭಾರತವೆಂದರೆ ಬುದ್ಧನ ನೆಲ, ಕರ್ರಿ-ರೈಸ್, ಐಟಿ ಎಂಜಿನಿಯರ್. ರಿಯಾದ್‌ನಲ್ಲಿ ಚಿತ್ರವೇ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಸೌದಿ ಅರೇಬಿಯಾ ಪಕ್ಕದ ಊರಿದ್ದಂತೆ. ಅಲ್ಲಿ ದುಡಿಯುವ ಲಕ್ಷಾಂತರ ಭಾರತೀಯರು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಮೊದಲು ಬರುವುದೇ ನಮ್ಮ ಪೆವಿಲಿಯನ್ನಿಗೆ. ಅಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ತಾಜ್‌ಮಹಲಿನ ಚಿತ್ರ ತೋರಿಸಿ ಏನು ಪ್ರಯೋಜನ? ಸೌದಿಯವರಿಗೆ ಹೇಳುವ ಮಾತು, ಈ ಮಕ್ಕಳಿಗೆ ಹೇಳುವ ಮಾತು ಎರಡನ್ನೂ ಒಂದೇ ಜಾಗದಲ್ಲಿ ಹೇಳಬೇಕು. ಅರಬ್ಬಿ ಸಮುದ್ರದ ವ್ಯಾಪಾರ, ಹಾಯಿಹಡಗು, ಮೆಣಸು, ಮಲೆನಾಡಿನ ಕಾಫಿ ಇಂಥ ವಸ್ತುವಾದರೆ ಎರಡೂ ಕಡೆಯವರಿಗೆ ಅದು ತಮ್ಮದೇ ಕಥೆ. ಚಿಕ್ಕಮಗಳೂರಿಗೆ ಬಾಬಾ ಬುಡನ್ ಯೆಮೆನ್‌ನಿಂದ ಕಾಫಿ ಬೀಜ ತಂದರು ಎಂಬ ಐತಿಹ್ಯ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಸಾಕಾದಲ್ಲಿ ಬಹ್ರೇನ್ ಸುಮಾರು 3,000 ಮರದ ತುಂಡುಗಳಿಂದ ಹಾಯಿಹಡಗಿನ ಹೊಟ್ಟೆಯಂಥ ಪೆವಿಲಿಯನ್ ಕಟ್ಟಿತು. ಲೀನಾ ಘೊಟ್ಮೆ ಅದರ ವಾಸ್ತುಶಿಲ್ಪಿ. ಸಣ್ಣ ದೇಶ, ಒಂದೇ ಕಲ್ಪನೆ. ಅಂಥ ಹಡಗುಗಳನ್ನು ಕಟ್ಟುತ್ತಿದ್ದ ಬೇಪೂರು ಕೇರಳದಲ್ಲಿದೆ, ಆದರೆ ಆ ಕಥೆ ಹೇಳಲು ನಮಗೆ ಹೊಳೆದಿರಲಿಲ್ಲ.

ಇನ್ನು ಒಳಗಿನ ಓಡಾಟದ ಲೆಕ್ಕ. ಇದು ನೀರಸ ಅನ್ನಿಸಬಹುದು, ಆದರೆ ಪೆವಿಲಿಯನ್ನಿನ ಹಣೆಬರಹ ಬರೆಯುವುದು ಇದೇ. ದಿನಕ್ಕೆ 10,000 ಜನ ಬರಬೇಕು, 12 ಗಂಟೆ ಬಾಗಿಲು ತೆರೆದಿರುತ್ತದೆ ಎಂದುಕೊಳ್ಳಿ. ಗಂಟೆಗೆ ಸುಮಾರು 830 ಜನ. ಒಬ್ಬರು ಒಳಗೆ 20 ನಿಮಿಷ ಇದ್ದರೆ ಯಾವ ಹೊತ್ತಿನಲ್ಲಿ ನೋಡಿದರೂ ಒಳಗೆ ಸುಮಾರು 280 ಜನ. ಈಗ ಮಂತ್ರಿಗಳಿಗೆ ಇಷ್ಟವಾಯಿತೆಂದು ನಡುವೆ 60 ಆಸನದ ಒಂದು ಸಿನಿಮಾ ಕೋಣೆ ಸೇರಿಸಿ. ಎಂಟು ನಿಮಿಷದ ಚಿತ್ರ, ಜನ ಒಳಬಂದು ಹೊರಹೋಗಲು ನಾಲ್ಕು ನಿಮಿಷ. ಗಂಟೆಗೆ ಐದು ಆಟ, 300 ಜನ. ಎಲ್ಲರೂ ಆ ಕೋಣೆಯ ಮೂಲಕವೇ ಹೋಗಬೇಕಾದರೆ ಇಡೀ ಪೆವಿಲಿಯನ್ ದಿನಕ್ಕೆ 3,600 ಜನರಿಗಿಂತ ಹೆಚ್ಚು ಕಾಣುವುದಿಲ್ಲ. ಉಳಿದ 6,400 ಜನ ಬಿಸಿಲಲ್ಲಿ ಸರದಿಯಲ್ಲಿ ನಿಂತು, ಬೇಸತ್ತು ಪಕ್ಕದ ದೇಶಕ್ಕೆ ಹೋಗುತ್ತಾರೆ. ಆ ಕೋಣೆಯನ್ನು ದಾರಿಯ ಪಕ್ಕಕ್ಕೆ ಸರಿಸಿ, ಬೇಕಾದವರು ಮಾತ್ರ ಒಳಹೋಗುವಂತೆ ಮಾಡಿದರೆ ಸಾಕಿತ್ತು. ನಕ್ಷೆಯಲ್ಲಿ ಒಂದು ಗೋಡೆ ಆಚೀಚೆ ಆಗುವ ಮಾತು ಇದು. ಆದರೆ ಚಿತ್ರದ ಗುತ್ತಿಗೆ ಒಬ್ಬರಿಗೆ, ಕಟ್ಟಡದ ಗುತ್ತಿಗೆ ಇನ್ನೊಬ್ಬರಿಗೆ ಹೋಗಿದ್ದರೆ ಈ ಲೆಕ್ಕ ಹಾಕುವವರೇ ಇರುವುದಿಲ್ಲ.

ನನಗೆ ಹೆಚ್ಚು ಆಸಕ್ತಿಯಿರುವುದು ವಸ್ತುವಿನಲ್ಲಿ, ಅಂದರೆ ಯಾವುದರಿಂದ ಕಟ್ಟುತ್ತೇವೆ ಎನ್ನುವುದರಲ್ಲಿ. ಶಾಂಘೈನಲ್ಲಿ ಭಾರತ ಬಿದಿರಿನ ಗುಮ್ಮಟ ಕಟ್ಟಿತ್ತು. ವ್ಯಾಸ ಸುಮಾರು 35 ಮೀಟರ್, ಸಾಂಚಿ ಸ್ತೂಪದ ನೆನಪು ತರುವ ಆಕಾರ, ಮೇಲ್ಮೈಯಲ್ಲಿ ಗಿಡಗಳ ಹಸಿರು. ವಾಸ್ತುಶಿಲ್ಪಿ ಸಂಜಯ್ ಪ್ರಕಾಶ್ ಜೊತೆಗೆ ಕೊಲಂಬಿಯಾದ ಸಿಮೋನ್ ವೆಲೆಸ್ ಕೆಲಸ ಮಾಡಿದ್ದರು. ನಾವು ಎಕ್ಸ್‌ಪೋಗಳಿಗೆ ಕಟ್ಟಿದವುಗಳಲ್ಲಿ ನನಗೆ ಇದು ಅತ್ಯಂತ ಧೈರ್ಯದ ಕಟ್ಟಡ ಅನ್ನಿಸುತ್ತದೆ.

ಬಿದಿರಿನಲ್ಲಿ ಇಷ್ಟು ಅಗಲ ಹಾರಿಸುವುದು ಕಷ್ಟವಾಗುವುದು ಜೋಡಣೆಯಲ್ಲಿ. ಗಳ ಉದ್ದಕ್ಕೆ ಬಲು ಗಟ್ಟಿ, ಆದರೆ ಒಳಗೆ ಟೊಳ್ಳು. ಎರಡು ಗಳಗಳನ್ನು ಸೇರಿಸಲು ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿದರೆ ಗೆಣ್ಣುಗಳ ನಡುವಿನ ಗೋಡೆ ಸೀಳಿಬಿಡುತ್ತದೆ. ವೆಲೆಸ್ ಕಂಡುಕೊಂಡ ಉಪಾಯ ಸರಳ. ಬೋಲ್ಟ್ ಹಾದುಹೋಗುವ ಗೆಣ್ಣುಗಳ ನಡುವಿನ ಟೊಳ್ಳಿಗೆ ಒಂದು ತೂತು ಕೊರೆದು ಸಿಮೆಂಟು ಗಾರೆ ತುಂಬುವುದು. ಗಾರೆ ಒಣಗಿ ಗಟ್ಟಿಯಾದ ಮೇಲೆ ಬೋಲ್ಟಿನ ಒತ್ತಡ ಬಿದಿರಿನ ತೆಳು ಗೋಡೆಯ ಮೇಲೆ ಬೀಳದೆ ಆ ಗಟ್ಟಿ ತುಂಡಿನ ಮೇಲೆ ಹಂಚಿಹೋಗುತ್ತದೆ. ಹುಳು ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವುದು ಇನ್ನೊಂದು ಹಂತ. ಇಷ್ಟು ಮಾಡಿದರೆ ಬಂಬೂ ಬಜಾರಿನಲ್ಲಿ ಚಪ್ಪರಕ್ಕೂ ಏಣಿಗೂ ಮಾರುವ ಅದೇ ಗಳ ದೊಡ್ಡ ಸಭಾಂಗಣದ ಛಾವಣಿಯನ್ನು ಹೊರಬಲ್ಲದು.

ಆದರೆ ಇಷ್ಟೆಲ್ಲ ಬೇರೆ ದೇಶದ ಕಟ್ಟಡ ಇಲಾಖೆಗೆ ಸಾಬೀತುಮಾಡಿ ತೋರಿಸಬೇಕು. ಬೆಂಕಿ ಹಿಡಿಯುತ್ತದೆಯೇ, ಭೂಕಂಪಕ್ಕೆ ನಿಲ್ಲುತ್ತದೆಯೇ, ಬಿರುಗಾಳಿಗೆ ಹಾರುತ್ತದೆಯೇ? ಉತ್ತರಕ್ಕೆ ಪ್ರಯೋಗಾಲಯದ ವರದಿ ಬೇಕು, ವರದಿಗೆ ತಿಂಗಳುಗಳು ಬೇಕು. 2000ದ ಹ್ಯಾನೋವರ್ ಎಕ್ಸ್‌ಪೋದಲ್ಲಿ ಜಪಾನಿನ ಶಿಗೆರು ಬಾನ್ ಕಾಗದದ ಕೊಳವೆಗಳಿಂದ ಪೆವಿಲಿಯನ್ ಕಟ್ಟಿದಾಗ ಇದೇ ಆಯಿತು. ಮೇಳ ಮುಗಿದ ಮೇಲೆ ಎಲ್ಲವೂ ಮರುಬಳಕೆಗೆ ಹೋಗಬೇಕು ಎಂದು ಅವರು ಅಡಿಪಾಯಕ್ಕೂ ಕಾಂಕ್ರೀಟ್ ಬೇಡವೆಂದು ಮರಳು ತುಂಬಿದ ಪೆಟ್ಟಿಗೆಗಳನ್ನು ಇಟ್ಟರು. ಜರ್ಮನಿಯ ಅಧಿಕಾರಿಗಳು ಕಾಗದದ ಕೊಳವೆಗಳನ್ನಷ್ಟೇ ನಂಬಲಿಲ್ಲ. ಮರದ ಕಮಾನುಗಳನ್ನು ಸೇರಿಸಬೇಕಾಯಿತು, ಬೆಂಕಿಯ ನಿಯಮಕ್ಕಾಗಿ ಕಾಗದದ ಹೊದಿಕೆಯ ಮೇಲೆ ಪಿವಿಸಿ ಹೊದಿಸಬೇಕಾಯಿತು. ಡೇರೆಯಂಥ ಹಗುರ ಛಾವಣಿಗಳ ವಿಷಯದಲ್ಲಿ ಹೆಸರಾದ ಫ್ರೈ ಒಟ್ಟೊ ಅಂಥವರು ಜೊತೆಗಿದ್ದೂ ಹೀಗಾಯಿತು. ವರ್ಷಗಳ ಮುಂಚೆ ಕೆಲಸ ಆರಂಭಿಸಿದ ತಂಡಕ್ಕೇ ಈ ಪಾಡಾದರೆ, ಕೊನೆಯ ವರ್ಷದಲ್ಲಿ ಟೆಂಡರ್ ಕರೆಯುವವರು ಹೊಸ ವಸ್ತುವಿನ ಕಡೆ ತಲೆಹಾಕಲು ಸಾಧ್ಯವೇ? ಅವರಿಗೆ ಉಳಿಯುವುದು ಉಕ್ಕಿನ ಚೌಕಟ್ಟು, ಅಲ್ಯೂಮಿನಿಯಂ ಫಲಕ, ಎಲ್‌ಇಡಿ ಪರದೆ. ತಡವಾಗಿ ಹೊರಟ ದೇಶಗಳ ಪೆವಿಲಿಯನ್‌ಗಳು ಒಂದರಂತೆ ಒಂದು ಕಾಣುವುದಕ್ಕೆ ಕಲ್ಪನೆಯ ಬಡತನಕ್ಕಿಂತ ಕ್ಯಾಲೆಂಡರ್ ದೊಡ್ಡ ಕಾರಣ.

ಈ ಪರೀಕ್ಷೆಗಳನ್ನು ಮಾಡುವ ಜಾಗಗಳು ಬೆಂಗಳೂರಿನಲ್ಲೇ ಇವೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ತುಮಕೂರು ರಸ್ತೆಯಲ್ಲಿ ಇಪಿರ್ಟಿ ಎಂದೇ ಎಲ್ಲರೂ ಕರೆಯುವ ಪ್ಲೈವುಡ್ ಸಂಶೋಧನಾ ಕೇಂದ್ರ ಬಿದಿರಿನ ಚಾಪೆಯನ್ನು ಒತ್ತಿ ಹಲಗೆ ಮಾಡುವುದನ್ನೂ ಅಲೆಅಲೆಯ ಛಾವಣಿ ಹಾಳೆ ಮಾಡುವುದನ್ನೂ ದಶಕಗಳ ಹಿಂದೆಯೇ ಸಾಧಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ಆಸ್ತ್ರ ಕೇಂದ್ರದಿಂದ ಬಂದ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಈ ಊರಿನ ಎಷ್ಟೋ ಮನೆಗಳು ನಿಂತಿವೆ. ದೊಡ್ಡ ಅಳತೆಯಲ್ಲಿ ಬಿದಿರು ನೋಡಬೇಕೆಂದರೆ ದೇವನಹಳ್ಳಿಗೆ ಹೋದರಾಯಿತು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಛಾವಣಿಯ ಒಳಮೈಗೆ ಸಂಸ್ಕರಿಸಿದ ಬಿದಿರನ್ನು ಹೆಣೆದಿದ್ದಾರೆ, ಕೆಳಗೆ ತೂಗುವ ತೋಟಗಳಿವೆ. ವಿಮಾನ ಇಳಿದು ಬರುವ ವಿದೇಶಿಯರು ಕತ್ತೆತ್ತಿ ನೋಡುತ್ತ ನಿಲ್ಲುತ್ತಾರೆ. ಅಲ್ಲಿ ಬೆಂಕಿ ಸುರಕ್ಷತೆಯ ಒಪ್ಪಿಗೆ ಪಡೆದ ಅನುಭವ ಯಾರ ಬಳಿ ಇದೆಯೋ ಅವರನ್ನು ಎಕ್ಸ್‌ಪೋ ತಂಡ ಮೊದಲ ದಿನವೇ ಹುಡುಕಿಕೊಂಡು ಹೋಗಬೇಕು.

ಮೇಳ ಮುಗಿದ ಮೇಲೆ ಕಟ್ಟಡ ಏನಾಗುತ್ತದೆ? ಸಾಮಾನ್ಯ ನಿಯಮ ಕಳಚಿ, ನೆಲವನ್ನು ಮೊದಲಿದ್ದಂತೆ ಮಾಡಿ ಒಪ್ಪಿಸುವುದು. ದುಬೈನಲ್ಲಿ ನಮ್ಮ ಕಟ್ಟಡ ಶಾಶ್ವತವಾಗಿ ಉಳಿಯಿತು, ಅದು ಅಪರೂಪ. ಬಾಳಿ ಬದುಕಿದ ಪೆವಿಲಿಯನ್‌ಗಳಲ್ಲಿ ನನಗೆ ಅಚ್ಚುಮೆಚ್ಚಿನದು ಹ್ಯಾನೋವರ್‌ನಲ್ಲಿ ಪೀಟರ್ ಜುಮ್ತೋರ್ ಮಾಡಿದ ಸ್ವಿಟ್ಜರ್ಲೆಂಡಿನ ಪೆವಿಲಿಯನ್. ಹಸಿ ಮರದ ತೊಲೆಗಳನ್ನು ಸಾಮಿಲ್ಲಿನಲ್ಲಿ ಪೇರಿಸಿಡುವಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿದರು. ಸಾಲಾಗಿ ಇಟ್ಟರೆ 144 ಕಿಲೊಮೀಟರ್ ಉದ್ದವಾಗುವಷ್ಟು ಮರ. ಮೊಳೆ ಇಲ್ಲ, ಅಂಟು ಇಲ್ಲ. ಉಕ್ಕಿನ ಸರಳು ಮತ್ತು ಸ್ಪ್ರಿಂಗ್‌ಗಳು ಅವನ್ನು ಮೇಲಿನಿಂದ ಬಿಗಿಹಿಡಿದಿದ್ದವು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಂತೆ ಸ್ಪ್ರಿಂಗ್ ಬಿಗಿತ ಸಡಿಲಾಗಲು ಬಿಡುತ್ತಿರಲಿಲ್ಲ. ಮೇಳದ ಐದು ತಿಂಗಳಲ್ಲಿ ಮರ ಹದವಾಗಿ ಒಣಗಿತು. ಮೇಳ ಮುಗಿದ ಮೇಲೆ ಬಿಚ್ಚಿ ಒಳ್ಳೆಯ ಮರವೆಂದೇ ಮಾರಿದರು. ಜನ ನೋಡಿದ್ದು ಕಟ್ಟಡ, ಮಾಡಿದವರ ಪಾಲಿಗೆ ಅದೇ ಮರ ಒಣಗಿಸುವ ಅಟ್ಟ. ಅದೇ ಮೇಳಕ್ಕೆ ನೇಪಾಳದ ಕುಶಲಕರ್ಮಿಗಳು ಕೆತ್ತಿದ ಪೆವಿಲಿಯನ್ನನ್ನು ಕೊಂಡು ಬವೇರಿಯಾದ ವೀಸೆಂಟ್ ಎಂಬ ಊರಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಆದರೆ ಎಲ್ಲರೂ ಹೊಗಳಿದ ನೆದರ್ಲೆಂಡ್ಸ್‌ನ ಪೆವಿಲಿಯನ್ ಮುಂದೇನೆಂದು ತೀರ್ಮಾನವಾಗದೆ ವರ್ಷಗಟ್ಟಲೆ ಹಾಳುಬಿದ್ದಿತ್ತು. ಒಂದೇ ಮೈದಾನ, ಒಂದೇ ಹವಾಮಾನ. ಮೊದಲೇ ಯೋಚಿಸಿದವರ ಕಟ್ಟಡ ಉಳಿಯಿತು, ಇಲ್ಲವೇ ಮರ್ಯಾದೆಯಿಂದ ಬಿಚ್ಚಿಹೋಯಿತು.

ಮಿಲಾನ್‌ನಲ್ಲಿ 2015ರಲ್ಲಿ ವುಲ್ಫ್‌ಗ್ಯಾಂಗ್ ಬಟ್ರೆಸ್ ಮಾಡಿದ, ಜೇನುಗೂಡಿನಂಥ ಬ್ರಿಟನ್ನಿನ ಪೆವಿಲಿಯನ್ 2016ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಬಂತು. ಅಲ್ಯೂಮಿನಿಯಂ ತುಂಡುಗಳ 17 ಮೀಟರ್ ಎತ್ತರದ ಆ ಜಾಲರಿಯಲ್ಲಿನ ದೀಪಗಳು ನಿಜವಾದ ಜೇನುಗೂಡಿನೊಳಗಿನ ಕಂಪನಕ್ಕೆ ತಕ್ಕಂತೆ ಉರಿದು ಆರುತ್ತವೆ. ಮಕ್ಕಳು ಈಗಲೂ ಅದರೊಳಗೆ ನಿಂತು ಕೇಳುತ್ತಾರೆ.

ಎಕ್ಸ್‌ಪೋ ಕಟ್ಟಡದ ಮರಿಮಗುವೊಂದು ನಮ್ಮ ಲಾಲ್‌ಬಾಗ್‌ನಲ್ಲೇ ಇದೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಗಿಡಗಳಿಗಾಗಿ ಗಾಜಿನ ಮನೆ ಕಟ್ಟಿದ ಅನುಭವದಿಂದಲೇ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ತುಂಡುಗಳನ್ನು ತಂದು ಜೋಡಿಸಿ ತಿಂಗಳುಗಳಲ್ಲಿ ಕಟ್ಟಡ ಎಬ್ಬಿಸಿದ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡೆನ್‌ಹ್ಯಾಮ್‌ಗೆ ಸಾಗಿಸಿದರು, 1936ರಲ್ಲಿ ಅದು ಸುಟ್ಟುಹೋಯಿತು. ಆ ಮಾದರಿಯಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿತ್ತು. ಕಬ್ಬಿಣ ಗ್ಲಾಸ್ಗೊದಿಂದ ಬಂತು. ಉದ್ಯಾನದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಮುಂದೆ ನಿಂತು ಮಾಡಿಸಿದರು. ಸಂಜೆ ಹೊತ್ತು ಹೋಗಿ ಅದರ ಕಂಬಗಳನ್ನು ನೋಡಿ. ತೆಳ್ಳಗಿನ ಕಂಬ, ಮೇಲೆ ಕಮಾನಿಗೆ ಸೇರುವಲ್ಲಿ ಎರಕದ ಬಳ್ಳಿ, ಪ್ರತಿ ಜೋಡಣೆಯೂ ಕಣ್ಣಿಗೆ ಕಾಣುತ್ತದೆ. ಬಿಚ್ಚಿ ಜೋಡಿಸಬಹುದಾದ ಕಟ್ಟಡವೊಂದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಆಗಸ್ಟ್‌ನ ಹೂವಿನ ಪ್ರದರ್ಶನಗಳಲ್ಲಿ, ಲಕ್ಷಾಂತರ ಜನರನ್ನು ತನ್ನೊಳಗೆ ಹಾದುಹೋಗಲು ಬಿಡುತ್ತ 130 ವರ್ಷ ದಾಟಿದೆ. ದೆಹಲಿಯಲ್ಲಿ 1972ರ ಮೇಳಕ್ಕೆಂದು ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಕಟ್ಟಿದ ಹಾಲ್ ಆಫ್ ನೇಷನ್ಸ್‌ಗೆ ಈ ಭಾಗ್ಯ ಇರಲಿಲ್ಲ. ಜಗತ್ತೇ ಬಂದು ನೋಡುತ್ತಿದ್ದ ಆ ಕಾಂಕ್ರೀಟ್ ಜಾಲರಿಯನ್ನು 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದರು. ಆ ಗಾಯ ವಾಸ್ತುಶಿಲ್ಪಿಗಳ ಬಳಗದಲ್ಲಿ ಇನ್ನೂ ಮಾಗಿಲ್ಲ.

ಟೆಂಡರ್ ವಿಷಯ ಬಂದಾಗ ಎಲ್ಲರೂ ಎಲ್-1 ಅನ್ನು ಬೈಯುತ್ತಾರೆ. ಅತಿ ಕಡಿಮೆ ದರ ಹೇಳಿದವರಿಗೇ ಕೆಲಸ ಎಂಬ ನಿಯಮ ವಿನ್ಯಾಸವನ್ನು ಕೊಲ್ಲುತ್ತದೆ ಎನ್ನುವುದು ನಿಜ. ಆದರೆ ಕೇಂದ್ರ ಸರ್ಕಾರದ ನಿಯಮಗಳಲ್ಲೇ ಬೇರೆ ದಾರಿ ಇದೆ. ಸಲಹಾ ಸೇವೆಗಳಿಗೆ ಗುಣಮಟ್ಟಕ್ಕೆ ಶೇ 80ರವರೆಗೆ ತೂಕ ಕೊಟ್ಟು ಆಯ್ಕೆ ಮಾಡಬಹುದು. 2021ರ ಅಕ್ಟೋಬರ್‌ನಲ್ಲಿ ಹೊರಬಂದ ಸೂಚನೆಗಳ ಪ್ರಕಾರ ಕಾಮಗಾರಿಗಳಲ್ಲೂ ಗುಣಮಟ್ಟಕ್ಕೆ ಶೇ 30ರವರೆಗೆ ಅಂಕ ಕೊಡಲು ಅವಕಾಶವಿದೆ. ಹಾಗಾದರೆ ತೊಡಕು ಎಲ್ಲಿ? ವಿನ್ಯಾಸ, ಕಟ್ಟಡ, ಒಳಪ್ರದರ್ಶನ, ಚಿತ್ರಗಳು, ಆರು ತಿಂಗಳ ನಿರ್ವಹಣೆ, ಊಟೋಪಚಾರ, ಕೊನೆಗೆ ಕೆಡವುವುದು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಒಂದೇ ಟೆಂಡರ್ ಕರೆಯುವುದರಲ್ಲಿ. ಅಂಥ ಗಂಟು ಹೊರಬಲ್ಲವರು ದೊಡ್ಡ ಈವೆಂಟ್ ಕಂಪನಿಗಳು ಮಾತ್ರ. ವಾರ್ಷಿಕ ವಹಿವಾಟು ಇಷ್ಟು ಕೋಟಿ ಇರಬೇಕು ಎಂಬ ಷರತ್ತಿನಲ್ಲೇ ಬೆಂಗಳೂರಿನ ಹತ್ತು ಹದಿನೈದು ಜನರ ಸ್ಟುಡಿಯೊಗಳು ಹೊರಗುಳಿಯುತ್ತವೆ. ಆಮೇಲೆ ಅದೇ ಸ್ಟುಡಿಯೊಗಳಿಗೆ ಗೆದ್ದ ಕಂಪನಿಯಿಂದ ಫೋನು ಬರುತ್ತದೆ: ಮೂರು ವಾರದಲ್ಲಿ ಒಳಗಿನ ವಿನ್ಯಾಸ ಮಾಡಿಕೊಡಿ, ಹೆಸರು ಹಾಕುವುದಿಲ್ಲ. ಈ ಮಾತು ನಗರದ ವಿನ್ಯಾಸಕಾರರ ನಡುವೆ ಕೂತರೆ ಪದೇ ಪದೇ ಕೇಳಿಬರುತ್ತದೆ.

ಸ್ವಿಟ್ಜರ್ಲೆಂಡ್ ಮಾಡುವಂತೆ ಮೊದಲು ಬಹಿರಂಗ ಸ್ಪರ್ಧೆ ನಡೆಸುವುದು ಇದಕ್ಕೆ ಮದ್ದು. ಹೆಸರು ಮರೆಮಾಡಿದ ಕಲ್ಪನೆಗಳು, ಅದನ್ನು ನೋಡಲು ವಾಸ್ತುಶಿಲ್ಪಿಗಳೂ ಕರಕುಶಲದವರೂ ಪ್ರದರ್ಶನ ನಿರ್ವಹಿಸಿದವರೂ ಇರುವ ತೀರ್ಪುಗಾರರ ಮಂಡಳಿ, ಎರಡನೇ ಸುತ್ತಿಗೆ ಬಂದ ನಾಲ್ಕೈದು ತಂಡಗಳಿಗೆ ಸಂಭಾವನೆ. ಗೆದ್ದ ವಿನ್ಯಾಸ ತಂಡ ಸರ್ಕಾರದ ನೇರ ಒಪ್ಪಂದದಲ್ಲಿ ಇರಬೇಕು, ಕಟ್ಟುವ ಗುತ್ತಿಗೆದಾರನ ಕೈಕೆಳಗೆ ಅಲ್ಲ. ಕಟ್ಟುವವನು ಅಲ್ಯೂಮಿನಿಯಂ ಹಾಕೋಣ ಎಂದಾಗ ಬೇಡ ಎನ್ನುವ ಅಧಿಕಾರ ವಿನ್ಯಾಸಕಾರನಿಗೆ ಇರುವುದು ಆಗ ಮಾತ್ರ. ಒಸಾಕಾದಲ್ಲಿ ಹಲವು ದೇಶಗಳ ಪೆವಿಲಿಯನ್ ಕಟ್ಟಿದ ಸ್ಥಳೀಯ ಉಪಗುತ್ತಿಗೆದಾರರಿಗೆ ಹಣ ಬಾರದೆ ಅದು ಅಲ್ಲಿ ದೊಡ್ಡ ಸುದ್ದಿಯಾಯಿತು. ಕೊನೆಯ ಕೆಲಸಗಾರನವರೆಗೆ ಹಣ ತಲುಪಿದೆ ಎಂದು ಖಾತ್ರಿಪಡಿಸುವ ಷರತ್ತೂ ನಮ್ಮ ಒಪ್ಪಂದದಲ್ಲಿ ಇರಲೇಬೇಕು. ದೇಶದ ಹೆಸರು ಹೊತ್ತ ಕಟ್ಟಡ ಅದು.

2027ರ ಎರಡು ಮೇಳಗಳಿಗೆ ಹೋಗುವುದಾದರೆ ಸಮಯ ಕಡಿಮೆ, ಹಾಗಾಗಿ ಸಣ್ಣದಾಗಿ ಚೆನ್ನಾಗಿ ಮಾಡುವುದೇ ಸರಿ. ಬೆಲ್‌ಗ್ರೇಡ್‌ನ ವಿಷಯ ಆಟ. ಮೇ 15ರಿಂದ ಆಗಸ್ಟ್ 15ರವರೆಗೆ ನಡೆಯುವ ಆ ಮೇಳಕ್ಕೆ ಚನ್ನಪಟ್ಟಣಕ್ಕಿಂತ ಒಳ್ಳೆಯ ವಸ್ತು ಯಾವುದಿದೆ? ತಿರುಗುವ ಲೇತಿನ ಮೇಲೆ ಆಲೆಮರದ ತುಂಡು, ಅದಕ್ಕೆ ಒತ್ತಿಹಿಡಿದ ಅರಗಿನ ಕಡ್ಡಿ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ, ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಮೂರು ವರ್ಷದ ಮಗು ಬಾಯಿಗೆ ಹಾಕಿಕೊಂಡರೂ ಹೆದರಿಕೆಯಿಲ್ಲದ ಬಣ್ಣಗಳನ್ನು ಅಲ್ಲಿನವರು ಗಿಡಮೂಲಿಕೆಯಿಂದ ಮಾಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಗೊಂಬೆಗಳನ್ನು ಸಾಲಾಗಿ ಇಟ್ಟರೆ ಎಲ್ಲ ಕೆಟ್ಟಿತು. ನಾಲ್ಕು ಲೇತು, ನಾಲ್ಕು ಜನ ಕುಶಲಕರ್ಮಿಗಳು, ಬಂದ ಮಗು ತನ್ನ ಬುಗುರಿಗೆ ತಾನೇ ಬಣ್ಣ ಆರಿಸಿ, ಕಡೆದದ್ದನ್ನು ಅಲ್ಲೇ ನೆಲದ ಮೇಲೆ ಆಡಿಸಿ ಹೋಗಬೇಕು. ಆ ನಾಲ್ವರಿಗೆ ವೀಸಾ, ದಿನಗೂಲಿಗಿಂತ ಮರ್ಯಾದೆಯ ಸಂಭಾವನೆ, ಬೋರ್ಡಿನ ಮೇಲೆ ಹೆಸರು, ಇವು ವಿನ್ಯಾಸದ ಭಾಗವೇ. ಯೊಕೊಹಾಮಾ ಮಾರ್ಚ್ 19ಕ್ಕೇ ತೆರೆಯುತ್ತದೆ. ಅಲ್ಲಿಗೆ ಹೋಗುವ ತಂಡದಲ್ಲಿ ಲಾಲ್‌ಬಾಗ್‌ನ ಹೂವಿನ ಪ್ರದರ್ಶನವನ್ನು ವರ್ಷಗಳಿಂದ ನಡೆಸಿದ ತೋಟಗಾರಿಕೆ ಇಲಾಖೆಯ ಅನುಭವಿಗಳು ಇರಲೇಬೇಕು. ಸಾವಿರಾರು ಕುಂಡಗಳು ಒಂದೇ ವಾರ ಅರಳುವಂತೆ ಲೆಕ್ಕ ಹಾಕಿ ಬಿತ್ತುವ ವಿದ್ಯೆ ಯಾವ ಈವೆಂಟ್ ಕಂಪನಿಗೂ ಬರುವುದಿಲ್ಲ.

ರಿಯಾದ್‌ಗೆ ಮಾತ್ರ ಇನ್ನೂ ಪೂರ್ತಿ ಅವಕಾಶವಿದೆ, ಹಿಂದಿನಿಂದ ಲೆಕ್ಕ ಹಾಕಿದರೆ. 2030ರ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಯಬೇಕು. ಪ್ರದರ್ಶನ ಜೋಡಿಸಿ, ಸಿಬ್ಬಂದಿಯನ್ನು ತಯಾರು ಮಾಡಿ, ಜನರನ್ನು ಬಿಟ್ಟು ಪರೀಕ್ಷಿಸಲು ಮೂರು ತಿಂಗಳು ಬೇಕು, ಅಂದರೆ ಕಟ್ಟಡ ಜೂನ್ ಕೊನೆಗೆ ಮುಗಿದಿರಬೇಕು. ರಿಯಾದ್‌ನ ಬೇಸಿಗೆಯಲ್ಲಿ ಹಗಲು ಹೊರಗೆ ಕೆಲಸ ಮಾಡಿಸಲು ನಿರ್ಬಂಧವಿರುವುದರಿಂದ ಕಟ್ಟಲು ಹದಿನೆಂಟು ತಿಂಗಳು ಇಟ್ಟುಕೊಳ್ಳಬೇಕು, ಅಲ್ಲಿಗೆ 2029ರ ಆರಂಭ. ಬಿದಿರೋ ಮಣ್ಣೋ ಬಳಸುವುದಾದರೆ ಪರೀಕ್ಷೆ, ನಕ್ಷೆ, ಪರವಾನಗಿಗೆ 2028 ಪೂರ್ತಿ ಬೇಕು. ಸ್ಪರ್ಧೆ ನಡೆಸಿ ತೀರ್ಪು ಕೊಡಲು ಎಂಟು ತಿಂಗಳು. ಹೀಗೆ ಹಿಂದೆ ಬರುತ್ತ ಬಂದರೆ ಬ್ರೀಫ್ ಬರೆದು, ಒಬ್ಬ ಕಮಿಷನರ್ ಜನರಲ್ ಅನ್ನು ಪೂರ್ಣಾವಧಿಗೆ ನೇಮಿಸಿ, ಸ್ಪರ್ಧೆಯ ಪ್ರಕಟಣೆ ಹೊರಡಿಸಬೇಕಾದ ಗಡುವು 2027ರ ಮೊದಲ ತಿಂಗಳುಗಳಿಗೆ ಬಂದು ನಿಲ್ಲುತ್ತದೆ. ಆ ಪ್ರಕಟಣೆಯಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಲಿ: ನಾವು ಹೇಳುವ ಒಂದು ವಿಷಯ ಯಾವುದು, ಗಂಟೆಗೆ ಎಷ್ಟು ಜನ ಒಳಗೆ ಹೋಗಿ ಹೊರಗೆ ಬರಬೇಕು, 2031ರ ಏಪ್ರಿಲ್‌ನಲ್ಲಿ ಆ ಕಟ್ಟಡ ಯಾವ ಊರಿಗೆ ಹೋಗುತ್ತದೆ. ಮೂರನೆಯದಕ್ಕೆ ಕರ್ನಾಟಕ ಸರ್ಕಾರ ಈಗಲೇ ಪತ್ರ ಬರೆದು, ಬಿಚ್ಚಿ ತಂದರೆ ಬೆಂಗಳೂರಿನಲ್ಲಿ ನಿಲ್ಲಿಸಲು ಜಾಗ ಕೊಡುತ್ತೇವೆ ಎಂದು ಹೇಳಬಹುದು.